ಉಜ್ಜದೆ ಉಳಿದ ನಾಣ್ಯ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅತ್ತೆ ಸೊಸೆ ನಿಂತಿದ್ದರು. ಹಳೆ ನಾಣ್ಯ ಕೊಳ್ಳುವವನ ಅಂಗಡಿಯಿಂದ ಆಗಷ್ಟೇ ಬಂದಿದ್ದರು. ಅತ್ತೆಯ ಅಂಗೈಯಲ್ಲಿ ಎರಡು ಬೆಳ್ಳಿ ನಾಣ್ಯಗಳಿದ್ದವು. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಮಸಿಯಂತೆ ಕಪ್ಪಗಿತ್ತು. ಕದ್ದು ಕೇಳಬಾರದು ನಿಜ, ಆದರೆ ಸಾಲು ಉದ್ದವಿತ್ತು.

"ಎರಡೂ ಒಂದೇ ವರ್ಷದ್ದು. ಆ ವರ್ಷದ್ದು ಸಿಗೋದೇ ಅಪರೂಪ ಅಂದ್ನಲ್ಲ?" ಅತ್ತೆ ಕೇಳಿದರು.

"ಹೂಂ ಅತ್ತೆ. ಆದ್ರೆ ಉಜ್ಜಿದ್ರೆ ಮೇಲಿನ ಅಚ್ಚು ಸವೆದುಹೋಗುತ್ತಂತೆ. ಹೊಳೆಯೋದಕ್ಕೆ ಬರೀ ಬೆಳ್ಳಿ ತೂಕದ ಬೆಲೆ."

"ಕರ್ರಗಿರೋದ್ರಲ್ಲಿ ನಿಮ್ಮ ಮಾವನ ಕಣ್ಣಿನ ಆಪರೇಷನ್ನೇ ಆಗ್ಹೋಗುತ್ತೆ! ಅಲ್ಲ ಕಣೇ, ಎರಡನ್ನೂ ಉಜ್ಜಿಡು ಅಂದಿದ್ದೆನಲ್ಲ ನಾನು?"

"ಅಂದಿದ್ರಿ. ಒಂದು ಉಜ್ಜೋ ಹೊತ್ತಿಗೇ ಕೈ ಬಿದ್ದುಹೋಯ್ತು. ಇನ್ನೊಂದನ್ನ ಸೂಜಿ ಡಬ್ಬಿಯೊಳಗೆ ಹಾಕಿ, ಉಜ್ಜಾಯ್ತು ಅಂದ್ಬಿಟ್ಟೆ."

"ಎಲಾ ಇವಳ!"

"ತಪ್ಪಾಯ್ತು ಅತ್ತೆ."

"ತಪ್ಪೇನು ಬಂತು? ಮೈಗಳ್ಳಿ ಅಂತ ಕಂಡಕಂಡವರಿಗೆಲ್ಲ ಹೇಳಿದ್ದೆ. ಆ ಮೈಗಳ್ಳತನ ನೂರ್ಕಾಲ ಬಾಳಲಿ ತಾಯಿ."

ಸೊಸೆ ನಕ್ಕವಳು ತಟ್ಟನೆ ಅತ್ತೆಯ ಮುಂಗೈ ಹಿಡಿದಳು.

"ಅತ್ತೇ! ಹೆಬ್ಬೆರಳಲ್ಲಿ ಉಜ್ತಾ ಇದ್ದೀರಿ!"

"ಅಯ್ಯೋ, ಹಾಳು ಅಭ್ಯಾಸ. ತಗೋ, ಸೋಮವಾರ ಅಂಗಡಿಯವನು ದುಡ್ಡು ಕೊಡೋವರೆಗೂ ನಿನ್ನ ಹತ್ರಾನೇ ಇರಲಿ."

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಸೊಸೆ ಮೆಲ್ಲಗೆ ಹೇಳಿದಳು.

"ಬೆಳಿಗ್ಗೆ ಪಾತ್ರೆ ಹಾಗೇ ಬಿಟ್ಟು ಬಂದಿದೀನಿ ಅತ್ತೆ."

"ಇರಲಿ ಬಿಡು, ನಾನೇ ಉಜ್ತೀನಿ. ಈ ಕೈಗೂ ಏನಾದ್ರೂ ಬೇಕಲ್ಲ."