ಸತ್ತ ರಾಣಿಯ ಮುತ್ತಿನ ಸರ

ಬನ್ರಪ್ಪಾ, ಹತ್ರ ಬನ್ರಿ. ಹ್ಞೂಂ ಅನ್ನೋಕೆ ಒಬ್ಬರಾದರೂ ಇರಬೇಕು, ಇಲ್ದಿದ್ರೆ ನಾನು ಬಾಯಿ ಬಿಡಲ್ಲ. ನೀನು ಅಂತೀಯಾ ತಾಯಿ? ಸರಿ, ಕೇಳು.

ಒಂದು ಸೀಮೆ. ಯಾವ ಸೀಮೆ ಅಂದ್ರೆ ನನಗೂ ಗೊತ್ತಿಲ್ಲ. ಅಲ್ಲೊಬ್ಬ ದೊರೆ. ಅವನ ರಾಣಿ ತೀರಿಕೊಂಡಳು. ಏಳು ವರ್ಷದ ಮಗಳೊಬ್ಬಳು ಉಳಿದಳು, ಮೂರು ಪೆಟ್ಟಿಗೆ ಒಡವೆ ಉಳೀತು. ಒಂದರಲ್ಲಿ ಚಿನ್ನ, ಒಂದರಲ್ಲಿ ಬೆಳ್ಳಿ, ಒಂದರಲ್ಲಿ ಮುತ್ತು.

ದೊರೆ ಹೇಳಿದ: "ಇವು ನನ್ನ ರಾಣೀವು. ಯಾರೂ ಮೈಮೇಲೆ ಹಾಕ್ಕೊಳ್ಳೋ ಹಾಗಿಲ್ಲ. ಹೊಳಪು ಎಳ್ಳಷ್ಟೂ ಕುಂದೋ ಹಾಗಿಲ್ಲ. ತಪ್ಪಿದವರಿಗೆ ಹಗೇವು."

ಹಗೇವು ಗೊತ್ತಲ್ಲ? ರಾಗಿ ತುಂಬಿಡೋ ನೆಲದೊಳಗಿನ ಗುಂಡಿ. ಮೇಲೆ ಕಲ್ಲು ಮುಚ್ಚಿದರೆ ಒಳಗೆ ಉಸಿರಾಡೋಕೆ ಗಾಳಿ ಇರಲ್ಲ.

ಒಡವೆ ಕಾಯೋಕೆ ಮೊದಲು ಬಂದವಳು ಚಿನ್ನದ ಬಳೆ ತೊಳೆದು, ಬೇಗ ಒಣಗಲಿ ಅಂತ ಒಲೆ ಪಕ್ಕ ಇಟ್ಟಳು. ಬಳೆಯೊಳಗೆ ಅರಗು ತುಂಬಿತ್ತು. ಕಾವಿಗೆ ಅರಗು ಕರಗಿ ಹರಿದು ಬಳೆ ನೆಗ್ಗಿತು. ಅವಳು ಹಗೇವಿಗೆ. ಎರಡನೆಯವಳು ಬೆಳ್ಳಿ ಕಾಲ್ಕಡಗ ಹುಣಸೆಹಣ್ಣಲ್ಲಿ ಉಜ್ಜಿ, ತೇವ ಒರೆಸದೆ ಪೆಟ್ಟಿಗೇಲಿ ಮುಚ್ಚಿದಳು. ತಿಂಗಳಿಗೆ ಬಾಣಲೆ ತಳದ ಹಾಗೆ ಕರ್ರಗಾಯ್ತು. ಅವಳೂ ಹಗೇವಿಗೆ. ಮೂರನೆಯವಳು ಯಾರು? ನಮ್ಮ ತಿಪ್ಪಾಜಿ.

ತಿಪ್ಪಾಜಿ ಬಲು ಹುಷಾರು. ಚಿನ್ನ ಅಂಟುವಾಳದ ನೊರೇಲಿ ತೊಳೆದು ನೆರಳಲ್ಲಿ ಒಣಗಿಸಿದಳು. ಬೆಳ್ಳಿಗೆ ವಿಭೂತಿ ಹಚ್ಚಿ ಉಜ್ಜಿ, ಒಣ ಬಟ್ಟೇಲಿ ಒರೆಸಿದಳು. ಮುತ್ತು? ಅದನ್ನ ಮುಟ್ಟೋಕೇ ಹೆದರಿಕೆ ಅವಳಿಗೆ. ಹತ್ತಿ ಸುತ್ತಿ, ರೇಷ್ಮೆ ಸುತ್ತಿ, ಬೀಗ ಹಾಕಿಬಿಟ್ಟಳು. ಎಂಟು ತಿಂಗಳು ತೆಗೀಲೇ ಇಲ್ಲ.

ರಾಣಿಯ ವರ್ಷದ ತಿಥಿಗೆ ತಿಂಗಳು ಉಳೀತು. ಅವತ್ತು ದೊರೆ ಒಡವೆ ನೋಡ್ತಾನೆ. ಇವಳು ಪೆಟ್ಟಿಗೆ ತೆಗೆದರೆ, ಅಯ್ಯೋ ಶಿವನೇ! ಮುತ್ತೆಲ್ಲಾ ಸತ್ತ ಮೀನಿನ ಕಣ್ಣಿನ ಹಾಗೆ ಮಂಕಾಗಿದೆ.

ಓಡಿದಳು ಅತ್ತೆ ಹತ್ರ. ಅತ್ತೆ ಮುತ್ತು ಪೋಣಿಸಿಯೇ ಮುದುಕಿಯಾದವಳು.

"ಅತ್ತೆಮ್ಮಾ, ನನ್ನ ಜೀವ ಹೋಯ್ತು!"

"ಮುಚ್ಚಿಟ್ಟೆಯೇನೇ ಹುಚ್ಚಿ? ಮುತ್ತಿಗೆ ಮೈ ಬೇಕು ಕಣೇ. ದಿನಾ ಹಾಕ್ಕೋ, ಸಂಜೆ ಮೆತ್ತಗೆ ಬೆವರು ಒರೆಸಿಡು. ಕಳೆ ಬರುತ್ತೆ."

"ಹಾಕ್ಕೊಂಡ್ರೆ ಹಗೇವು!"

"ಹಾಕ್ಕೊಳ್ದಿದ್ರೂ ಹಗೇವು."

ನೀವಾದ್ರೆ ಏನ್ ಮಾಡ್ತಿದ್ರಿ? ಹೇಳ್ರಿ ನೋಡೋಣ. ತಿಪ್ಪಾಜಿ ಹಾಕ್ಕೊಂಡಳು. ಮೇಲೆ ಸೆರಗು ಬಿಗಿದಳು. ಕಾವಲವನು ಕೆಮ್ಮಿದರೆ ಬೆಚ್ಚಿದಳು, ಬಾಗಿಲು ಕಿರುಗುಟ್ಟಿದರೆ ಬೆಚ್ಚಿದಳು, ಬೆಕ್ಕು ಹಾರಿದರೂ ಬೆಚ್ಚಿದಳು. ದಿನ ದಿನಕ್ಕೆ ಮುತ್ತಿಗೆ ಕಳೆ ಬಂತು, ಅವಳ ಮುಖದ ಕಳೆ ಹೋಯ್ತು.

ತಿಥಿಗೆ ಇನ್ನೂ ಮೂರು ದಿನ ಇತ್ತು. ಬೆಳಿಗ್ಗೆ ಬೆಳಿಗ್ಗೇನೇ ಮೆಟ್ಟಿಲ ಮೇಲೆ ದೊರೆಯ ಹೆಜ್ಜೆ ಸದ್ದು. ಮಗಳ ಕೈ ಹಿಡ್ಕೊಂಡು ಬರ್ತಿದಾನೆ! ತಿಪ್ಪಾಜಿ ಸರ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ದೊರೆ ಒಳಗೆ ಬಂದ. ಚಿನ್ನ ನೋಡಿದ, ಹ್ಞೂಂ ಅಂದ. ಬೆಳ್ಳಿ ನೋಡಿದ, ಹ್ಞೂಂ ಅಂದ. ಮುತ್ತು ಅಂಗೈಲಿ ತಗೊಂಡ. ಹ್ಞೂಂ ಅನ್ನಲಿಲ್ಲ.

"ಇದ್ಯಾಕೆ ಬೆಚ್ಚಗಿದೆ?"

ತಿಪ್ಪಾಜಿ ಸೆರಗನ್ನ ಇನ್ನೂ ಬಿಗಿಯಾಗಿ ಎಳಕೊಂಡಳು.

"ಸೆರಗು ಸರಿಸು. ಕತ್ತು ತೋರಿಸು."

ತೋರಿಸಿದಳು. ಮುತ್ತು ಒತ್ತಿದ ಗುರುತು ಒಂದೊಂದೂ ಎಣಿಸೋ ಹಾಗಿತ್ತು.

"ಬುದ್ಧೀ, ಮುಚ್ಚಿಟ್ಟಿದ್ರೆ ಕೆಟ್ಟೇ ಹೋಗ್ತಿತ್ತು. ಉಳಿಸೋಕೆ ಹಾಕ್ಕೊಂಡೆ!" ಅಂತ ಕಾಲಿಗೆ ಬಿದ್ದಳು. ಅವನು ಕೇಳಿಸಿಕೊಳ್ಳಲೇ ಇಲ್ಲ.

"ಹಗೇವು ತೆಗೀರೋ!" ಅಂದ. ಅಂಗಳದಲ್ಲಿ ಕಲ್ಲು ಎಳೆಯೋ ಸದ್ದು ಕೇಳಿಸ್ತು.

ಆಗ ಆ ಮಗು ಅಪ್ಪನ ಕೈಯಿಂದ ಸರ ತಗೊಂಡು ಕೆನ್ನೆಗೆ ಒತ್ತಿಕೊಂಡಿತು.

"ಅಪ್ಪಾಜಿ, ಅಮ್ಮ ನನ್ನ ಎತ್ತಿಕೊಂಡಾಗ ಇದು ಹೀಗೇ ಬೆಚ್ಚಗಿರ್ತಿತ್ತು. ಅಮ್ಮ ಹೋದ ಹೊಸದ್ರಲ್ಲಿ ನೀವು ಪೆಟ್ಟಿಗೆಯಿಂದ ತೆಗೆದು ತೋರಿಸಿದಾಗ ತಣ್ಣಗಿತ್ತು. ಇದು ಅಮ್ಮಂದಲ್ಲ ಅಂದ್ಕೊಂಡಿದ್ದೆ."

ದೊರೆ ಸರ ತಗೊಂಡು ತನ್ನ ಕೆನ್ನೆಗೆ ಒತ್ತಿಕೊಂಡ. ಹಾಗೇ ನೆಲದ ಮೇಲೆ ಕುಸಿದು ಕೂತು, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ತಿಪ್ಪಾಜೀನ ಬಿಟ್ಟುಬಿಡಿ, ಕಲ್ಲು ಮುಚ್ಚಿ ಅಂದ. ಸರವನ್ನ ತಾನೇ ಮಗಳ ಕೊರಳಿಗೆ ಹಾಕಿದ.

ಮೊದಲಿನ ಇಬ್ಬರು ಏನಾದ್ರು ಅಂತೀಯಾ ತಾಯಿ? ದೊರೆಯೂ ಅದನ್ನೇ ನೆನೆಸಿಕೊಂಡ. ಹಗೇವಿನ ಹತ್ರ ಓಡಿಹೋಗಿ, ಕಲ್ಲು ಸರಿಸಿ, ತಾನೇ ಕೂಗಿ ಕೂಗಿ ಕರೆದ. ಒಳಗಿಂದ ಯಾರೂ ಓಗೊಡಲಿಲ್ಲ.

ಆ ಸೀಮೆ ಕತೆ ಆ ಸೀಮೆಗಾಯ್ತು. ನನ್ನ ಗಂಟಲು ಒಣಗಿದೆ, ಎಲೆ ಅಡಿಕೆ ತಟ್ಟೆ ಇತ್ಲಾಗೆ ತಳ್ರಪ್ಪಾ.