ರಂಜಕದ ರೆಕ್ಕೆಯೂ ಬುಧವಾರದ ಪ್ರಾರ್ಥನೆಯೂ

ಒಂದು ಊರು. ಆ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಪಿಜ್ಜಾ ಅಂಗಡಿ. ನಗಬೇಡಿ. ಕುರಿ ಕಾಯುವವರ ಕಥೆ, ಹೊಲ ಬಿತ್ತುವವರ ಕಥೆ ಕೇಳಿ ಕೇಳಿ ನಮಗೆ ರೂಢಿಯಾಗಿದೆ. ಕಥೆಯಲ್ಲಿನ ತಪ್ಪು ಕುರುಬನದು, ನಮ್ಮದಲ್ಲ ಅಂದುಕೊಂಡು ಹಾಯಾಗಿ ಮನೆಗೆ ಹೋಗುತ್ತೇವೆ. ಪಿಜ್ಜಾ ನೀವೆಲ್ಲ ತಿಂದಿದ್ದೀರಿ. ಅದಕ್ಕೇ ಇವತ್ತು ಪಿಜ್ಜಾ.

ಅಂಗಡಿಯವನು ಅನುಕೂಲಸ್ಥ. ಕೆಟ್ಟವನಲ್ಲ. ತಲೆ ಮಾತ್ರ ಎಲ್ಲರ ಹಾಗೆ ಓಡುತ್ತಿರಲಿಲ್ಲ. ಬೇರೆಯವರು ಪಿಜ್ಜಾದ ಮೇಲೆ ಅದೇ ಟೊಮೆಟೊ, ಅದೇ ದೊಣ್ಣೆಮೆಣಸು ಹಾಕಿದರೆ ಇವನು ಎಣ್ಣೆಗಾಯಿ ಬದನೆ ಇಟ್ಟ. ಮೆಂತ್ಯೆ ಸೊಪ್ಪು ಹರವಿ ಗುರೆಳ್ಳು ಚಟ್ನಿ ಉದುರಿಸಿದ. ಕೋಳಿ ರೆಕ್ಕೆಗಳಿಗೆ ರಂಜಕ ಸವರಿದ. ರಂಜಕ ಗೊತ್ತಲ್ಲ, ಕೆಂಪು ಹಸಿಮೆಣಸಿನಕಾಯಿ ಅರೆದು ಹುಳಿ ಬರಿಸಿದ ಖಾರ. ಆ ರೆಕ್ಕೆ ತಿಂದವರ ಕಣ್ಣಲ್ಲಿ ನೀರು ಬರುತ್ತಿತ್ತು. ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಪ್ಲೇಟು ಹೇಳುತ್ತಿದ್ದರು.

ತಲೆ ಅವನದು, ಕೈ ಸಲೋಮಿಯದು. ಹಿಟ್ಟು ಕಲಸುವವಳು ಅವಳು, ಒಲೆಯ ಮುಂದೆ ನಿಲ್ಲುವವಳು ಅವಳು. ಈ ಕಥೆಯಲ್ಲಿ ಉಳಿದವರಿಗೆ ಹೆಸರು ಬೇಡ. ಅವಳಿಗೆ ಬೇಕು. ಯಾಕಂದರೆ ಇಲ್ಲಿ ಕಳೆದುಹೋಗುವುದು ಅವಳ ಹೆಸರು.

ಅಂಗಡಿಯವನಿಗೆ ಒಂದು ಒಳ್ಳೆಯ ಪದ್ಧತಿ ಇತ್ತು. ಶನಿವಾರ ಹೊಸ ತಿನಿಸಿನ ಹೆಸರನ್ನು ಬೋರ್ಡಿಗೆ ಬರೆಯುವುದು. ಅದಕ್ಕೆ ಮೊದಲು, ಬುಧವಾರ ಸಂಜೆ, ಕೇರಿಯ ಪ್ರಾರ್ಥನಾ ಕೂಟದಲ್ಲಿ ಅದಕ್ಕಾಗಿ ಪ್ರಾರ್ಥನೆ ಮಾಡಿಸುವುದು. ನಮ್ಮಲ್ಲೂ ಹಾಗೇ ಅಲ್ಲವೇ? ಜಮಖಾನೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಜನ, ಒಬ್ಬೊಬ್ಬರಾಗಿ ಎದ್ದು ತಮ್ಮ ಕೋರಿಕೆ ಹೇಳುತ್ತೇವೆ. ಮಗಳ ಪರೀಕ್ಷೆ, ಮೊಣಕಾಲು ನೋವು, ಬೋರ್‌ವೆಲ್. ಇವನದು ಪಿಜ್ಜಾ. ಅವನು ಅಲ್ಲಿ ಕೂತಿರುವಷ್ಟು ಹೊತ್ತು ಅಂಗಡಿಯ ಒಲೆ ನೋಡಿಕೊಳ್ಳುತ್ತಿದ್ದವಳು ಸಲೋಮಿ. ಅವನು ಪ್ರಾರ್ಥನೆಗೆ ಹೋಗಲಿ ಅಂತ ಅವಳು ಪ್ರಾರ್ಥನೆ ಬಿಟ್ಟಿದ್ದಳು.

ಹೀಗಿರುವಾಗ ರಸ್ತೆಯ ಆಚೆ ಬದಿಗೆ ಇನ್ನೊಂದು ಪಿಜ್ಜಾ ಅಂಗಡಿ ಬಂತು. ಪರ ಊರಿನವನು, ಚರ್ಚಿನವನಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಬರಲಿ ಬಿಡಿ, ರಸ್ತೆ ಯಾರಪ್ಪನದು? ಆದರೆ ಒಂದು ಶುಕ್ರವಾರ ಆಚೆಯ ಬೋರ್ಡಿನಲ್ಲಿ ಪುಂಡಿ ಪಲ್ಯದ ಪಿಜ್ಜಾ ಕಾಣಿಸಿತು. ಇವನು ಮರುದಿನ ಬರೆಯಬೇಕೆಂದಿದ್ದದ್ದೂ ಪುಂಡಿ ಪಲ್ಯವೇ. ಕಾಕತಾಳೀಯ ಅಂದುಕೊಂಡ. ಮುಂದಿನ ಶುಕ್ರವಾರ ಒಣ ಸೀಗಡಿಯ ಪಿಜ್ಜಾ. ಅದೂ ಇವನದೇ! ಈಗ ಇವನಿಗೆ ಊಟ ಸೇರಲಿಲ್ಲ.

ಯಾರು? ಅಡುಗೆಮನೆಯಲ್ಲಿ ಇರುವವರು ಇಬ್ಬರು. ಒಬ್ಬ ತಾನು.

ನೋಡಿ, ಅನುಮಾನ ಮೊದಲು ಕಣ್ಣಿಗೆ ಬರುತ್ತದೆ. ಸಲೋಮಿ ಫೋನಿನಲ್ಲಿ ಮಾತಾಡುವಾಗ ಗೋಡೆಯ ಕಡೆ ತಿರುಗುತ್ತಾಳೆ. ಏಳು ವರ್ಷದಿಂದ ತಿರುಗುತ್ತಿದ್ದಳು, ಹೊರಗೆ ಬಸ್ಸಿನ ಗದ್ದಲ. ಇವನಿಗೆ ಈಗ ಕಂಡಿತು. ಮನೆಗೆ ಹೋಗುವಾಗ ಚೀಲದಲ್ಲಿ ಒಂದು ಡಬ್ಬಿ ಒಯ್ಯುತ್ತಾಳೆ. ಇವನೇ ಒಯ್ಯಿ ಅಂದಿದ್ದ. ಈಗ ಅವಳು ಕೈತೊಳೆಯಲು ಹೋದಾಗ ಡಬ್ಬಿ ತೆರೆದು ನೋಡಿದ. ರೆಕ್ಕೆಯ ತುದಿಗಳಿದ್ದವು, ಕತ್ತರಿಸಿ ಬಿಸಾಡುವ ತುದಿಗಳು. ಅತ್ತೆಗೆ ಸಾರು ಮಾಡಿಕೊಡಲು. ಮುಚ್ಚಳ ಮುಚ್ಚಿದ. ನಾಚಿಕೆಯಾಯಿತೇ? ಇಲ್ಲ. 'ತುದಿ ಮ್ಯಾಲ ಇಟ್ಟು ಕೆಳಗ ಏನು ಮುಚ್ಚ್ಯಾಳೋ' ಅಂದುಕೊಂಡ.

ಅವಳು ನಕ್ಕರೆ, ಯಾಕೆ ನಕ್ಕಳು? ಸುಮ್ಮನಿದ್ದರೆ, ಯಾಕೆ ಸುಮ್ಮನಿದ್ದಾಳೆ? ಆಚೆ ಅಂಗಡಿಯವನು ರಸ್ತೆಯಲ್ಲಿ ಸಿಕ್ಕು 'ಆರಾಮಾ ಅಕ್ಕಾರ' ಅಂದ. ಅವಳು 'ಆರಾಮ್ರೀ' ಅಂದಳು. ಅಷ್ಟೇ ಮಾತು. ಆ ಒಂದು ಮಾತನ್ನು ಇವನು ಎರಡು ದಿನ ತಿರುವಿಹಾಕಿದ. ಅನುಮಾನಕ್ಕೆ ಏನು ಹಾಕಿದರೂ ತಿನ್ನುತ್ತದೆ, ಪ್ರಿಯರೇ. ಸುಳ್ಳು ಹಾಕಿದರೂ ತಿನ್ನುತ್ತದೆ, ನಿಜ ಹಾಕಿದರೂ ತಿನ್ನುತ್ತದೆ. ಏನೂ ಹಾಕದಿದ್ದರೆ ಅದನ್ನೂ ತಿನ್ನುತ್ತದೆ.

ಕೊನೆಗೆ ಪರೀಕ್ಷೆ ಮಾಡಿಬಿಡೋಣ ಅಂತ ನಿಶ್ಚಯಿಸಿದ. ಒಂದು ಮಂಗಳವಾರ ಅಡುಗೆಮನೆಯ ಬಾಗಿಲು ಹಾಕಿಕೊಂಡ.

"ಸಲೋಮಿ, ಈ ವಾರ ರೆಕ್ಕಿ ಹೊಸ ಥರ. ರಂಜಕಕ್ಕ ಬೆಲ್ಲ ಕೂಡಿಸೋದು. ಮ್ಯಾಲ ಹುರಿದ ಅಗಸಿ ಚಟ್ನಿ. ಇದು ನನಗ ಗೊತ್ತು, ನಿನಗ ಗೊತ್ತು. ಮೂರನೇದವರಿಗೆ ಗೊತ್ತಿಲ್ಲ."

"ಬೆಲ್ಲ ಜಾಸ್ತಿ ಆದ್ರ ಹೊತ್ತತೈತ್ರೀ," ಅಂದಳು ಅವಳು. "ಕೊನೀಗೆ ಸವರೋಣು."

'ಎಷ್ಟು ಲಗೂ ತಲಿಗೆ ಹಚ್ಚಿಕೊಂಡ್ಳು ನೋಡು' ಅಂತ ಅಂಗಡಿಯವನ ಮನಸ್ಸು ಅಂದಿತು.

ಮರುದಿನ ಬುಧವಾರ. ಕೂಟದಲ್ಲಿ ಎದ್ದು ನಿಂತ. "ಬೆಲ್ಲ ಹಾಕಿದ ರಂಜಕದ ರೆಕ್ಕಿ, ಮ್ಯಾಲ ಅಗಸಿ ಚಟ್ನಿ, ಶನಿವಾರ ಸುರು ಮಾಡ್ತೀನಿ, ಪ್ರಾರ್ಥನಾ ಮಾಡ್ರಿ. ಇನ್ನೊಂದು ಐತಿ. ನನ್ನ ಅಂಗಡ್ಯಾಗ ಉಂಡ ಮನಿಗೆ ಎರಡು ಬಗಿಯೋರು ಒಬ್ಬರು ಅದಾರ. ಹೆಸರು ಹೇಳಂಗಿಲ್ಲ. ದೇವರು ಅವರನ್ನ ಬೆಳಕಿಗೆ ತರಲಿ." ಎಲ್ಲರೂ ಆಮೆನ್ ಅಂದರು. ಮುಂದಿನ ಸಾಲಿನಲ್ಲಿ ಒಬ್ಬಳು ಅಜ್ಜಿ. ಕಿವಿ ಮಂದ, ಅದಕ್ಕೇ ದನಿ ಜೋರು. ಅವಳ ಆಮೆನ್ ಎಲ್ಲರದಕ್ಕಿಂತ ಜೋರಾಗಿ ಬಂತು.

ಶುಕ್ರವಾರ ಆಚೆ ಬದಿಯ ಬೋರ್ಡಿನಲ್ಲಿ ಏನು ಬರೆದಿತ್ತು ಅಂತ ಹೇಳಬೇಕೇ? ಬೆಲ್ಲ ರಂಜಕದ ರೆಕ್ಕೆ. ಅಗಸಿ ಚಟ್ನಿ ಸಮೇತ.

ಅಂಗಡಿಯವನು ನೇರ ಒಳಗೆ ಬಂದ. ಮೂರು ಟೇಬಲ್ಲಿನಲ್ಲಿ ಜನ ತಿನ್ನುತ್ತಿದ್ದರು.

"ಎಷ್ಟು ದಿನದಿಂದ ನಡಸೀಯವ್ವಾ ಇದನ್ನ?"

"ಏನ್ರೀ?"

"ಆಚಿ ಕಡಿ ಹೋಗಿ ಬೋರ್ಡ್ ಓದು."

ಅವಳು ಹೋಗಿ ಓದಿ ಬಂದಳು. "ನಾ ಯಾರಿಗೂ ಹೇಳಿಲ್ರೀ. ನಮ್ಮ ಮನ್ಯಾಗೂ ಹೇಳಿಲ್ಲ."

"ನೀ ಹೇಳಿಲ್ಲ, ನಾ ಹೇಳಿಲ್ಲ. ಹಂಗಾರ ಒಲಿಗೆ ಬಾಯಿ ಬಂದೈತೇನು?"

ಸಲೋಮಿ ಏಪ್ರನ್ ಬಿಚ್ಚಿ ಮಡಚಿ ಇಟ್ಟಳು. "ಒಲಿ ಒಳಗ ಎರಡು ಪಿಜ್ಜಾ ಅದಾವ, ಹೊತ್ತತಾವ ನೋಡ್ರಿ," ಅಂದು ಹೊರಟಳು. ಅವಳು ಅಳಲಿಲ್ಲ ಅನ್ನುವುದೂ ಇವನಿಗೆ ಸಾಕ್ಷಿಯಾಯಿತು.

ಮುಂದಿನ ಬುಧವಾರ ಅವನು ಕೂಟದಲ್ಲಿ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳಿದ. ದೇವರು ಬೆಳಕಿಗೆ ತಂದ, ಕಳ್ಳತನ ಸಿಕ್ಕಿತು. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಅಂಗಡಿಯಲ್ಲಿ ಕೆಲಸಕ್ಕೆ ಇದ್ದವಳು ಒಬ್ಬಳೇ ಅಲ್ಲವೇ?

ಸಲೋಮಿ ಕೆಲಸ ಹುಡುಕಿದಳು. ಹಾಸ್ಟೆಲ್ಲಿನ ಅಡುಗೆಮನೆಗೆ ಆಳು ಬೇಕಾಗಿತ್ತು, ಹೋಗಿ ಕೇಳಿದಳು. ಕೂಟಕ್ಕೆ ಬರುವ ವಾರ್ಡನ್ ಬಾಯಿಯವರು ಕುರ್ಚಿ ಕೊಟ್ಟರು, ಚಹಾ ಕೊಟ್ಟರು. "ಕೆಲಸ ತುಂಬಿಬಿಟ್ಟೈತಿ ಅಕ್ಕಾರ," ಅಂದರು. "ಆದ್ರ ನಿಮ್ಮ ಸಲುವಾಗಿ ನಾವೆಲ್ಲ ಪ್ರಾರ್ಥನಾ ಮಾಡಾಕತ್ತೀವಿ."

ಈ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ನಿಮ್ಮ ಸಲುವಾಗಿ ಪ್ರಾರ್ಥನೆ ಮಾಡುತ್ತಿದ್ದೇವೆ. ಅವಳ ಮುಖದ ಮೇಲೆ ಬಾಗಿಲು ಹಾಕಲು ನಮಗೆ ಸಿಕ್ಕ ಮಾತು ಇದು. ಮದುವೆ ಅಡುಗೆಯ ಕಂಟ್ರಾಕ್ಟರನೂ ಇದನ್ನೇ ಅಂದ. ಮನೆಯಲ್ಲಿ ಅತ್ತೆ ಕೂಡ ಒಂದು ದಿನ ಕೇಳಿದಳು: "ಖರೇ ಹೇಳವಾ, ನೀ ಏನರ ಮಾಡೀಯೇನು?"

ಈಗ ಅಂಗಡಿಯವನ ಕಡೆ ಬನ್ನಿ. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಬ್ಬನೇ ಒಲೆಯ ಮುಂದೆ ನಿಂತಿದ್ದ. ಹೊಸ ಪಿಜ್ಜಾ ಯೋಚಿಸಿದ, ಮಡಿಕೆ ಕಾಳಿನ ಉಸಳಿ ಹರವಿ ಮೇಲೆ ಹಸಿ ಉಳ್ಳಾಗಡ್ಡಿ. ಯಾರಿಗೂ ಹೇಳಲಿಲ್ಲ. ಬುಧವಾರ ಪ್ರಾರ್ಥನೆ ಮಾಡಿಸಿದ. ಶುಕ್ರವಾರ ಆಚೆಯ ಬೋರ್ಡಿನಲ್ಲಿ ಮಡಿಕೆ ಕಾಳು, ಹಸಿ ಉಳ್ಳಾಗಡ್ಡಿ.

ಅಡುಗೆಮನೆಯಲ್ಲಿ ಈಗ ಒಬ್ಬನೇ ಇದ್ದಾನೆ. ಅನುಮಾನ ಹೋಯಿತೇ? ಹೋಗಲಿಲ್ಲ, ಮನೆಗೆ ಬಂತು. ಹೆಂಡತಿಯ ಮುಖ ನೋಡಿದ.

"ನಾನಽ?" ಅಂದಳು ಹೆಂಡತಿ. "ನಿಮ್ಮ ಪಿಜ್ಜಾದ ಹೆಸರು ತಗೊಂಡ್ರ ನನಗ ಎದಿ ಉರೀತೈತಿ. ಊರಿಗೆ ಹೇಳಾಕ ಹೋಗ್ಲೇನು?"

ಬಂತು ಮತ್ತೊಂದು ಬುಧವಾರ. ಆ ಸಂಜೆ ಮುಂದಿನ ಸಾಲಿನ ಅಜ್ಜಿ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಎದ್ದಳು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು.

"ನಮ್ಮ ಮನಿ ಹಿಂದಿನ ಕ್ವಾಣಿ ಬಾಡಗಿ ಕೊಟ್ಟೀನ್ರೀ, ಪರ ಊರಾಂವಗ. ದೇವರು ದಿಂಡರು ಏನೂ ಅನ್ನಾಂವಲ್ಲ. ನಾ ಇಲ್ಲಿ ಕೇಳಿದ್ದು ಒಂದೂ ಬಿಡದಂಗ ದಿನಾ ರಾತ್ರಿ ಪಡಸಾಲ್ಯಾಗ ಕುಂತು ಪ್ರಾರ್ಥನಾ ಮಾಡ್ತೀನಿ. ಮೊದಲ ಬಾಗಿಲ ಹಾಕ್ಕೊಳ್ಳಾಂವ. ಈಗ ಬುಧವಾರ ಬಂದ್ರ ಹೊಸ್ತಿಲದಾಗ ಬಂದು ಕುಂದ್ರತಾನ. 'ಅಜ್ಜೀ, ಆ ಪಿಜ್ಜಾದ ಪ್ರಾರ್ಥನಾ ಇನ್ನೊಮ್ಮೆ ಮಾಡ್ರಿ, ಕೇಳಿಸಲಿಲ್ಲ' ಅಂತಾನ! ಬರಕೋತಾನ ಬ್ಯಾರೆ. ಮನಸ್ಸು ತಿರುಗಾಕತ್ತೈತ್ರೀ ಅವಂದು!"

ಎಲ್ಲರೂ ಆಮೆನ್ ಅಂದರು. ಆಚೆ ಬೋರ್ಡಿನ ಗುಟ್ಟು ಹೊಳೆದದ್ದು ಅಂಗಡಿಯವನೊಬ್ಬನಿಗೆ; ಅವನ ಬಾಯಿಂದ ಮಾತ್ರ ಅದು ಬರಲಿಲ್ಲ.

ದೇವರಿಗೆ ಹೇಳಿದ್ದೇನೆ, ಯಾರಿಗೂ ಹೇಳಿಲ್ಲ ಅಂತಲೇ ಅವನು ನಂಬಿದ್ದ. ಇಪ್ಪತ್ತೈದು ಜನರ ಕಿವಿ ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಮರುದಿನ ಸಲೋಮಿಯ ಮನೆಗೆ ಹೋದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ತಪ್ಪಾತವ್ವಾ," ಅಂದ. "ನಾಳಿಂದ ಕೆಲಸಕ್ಕ ಬಾ."

"ಕೆಲಸ ಆಮ್ಯಾಲ. ನನ್ನ ಹೆಸರು ಕೆಟ್ಟೈತಲ್ಲ, ಅದಕ್ಕೇನು ಮಾಡ್ತೀರಿ?"

"ನಾ ಅಲ್ಲಿ ನಿನ್ನ ಹೆಸರು ಎತ್ತಿಲ್ಲ."

"ಎತ್ತಿದ್ರ ಚಲೋ ಇತ್ತು. ಹೆಸರು ಹಿಡಿದು ಬೈದಿದ್ರ ಯಾರರ ಒಬ್ಬರು 'ಆಕಿ ಅಂಥಾಕಿ ಅಲ್ರೀ' ಅಂತಿದ್ರು. ನೀವು ಪ್ರಾರ್ಥನಾ ಮಾಡಿದ್ರಿ. ಪ್ರಾರ್ಥನಾಕ್ಕ ಯಾರು ಎದುರಾಡ್ತಾರ?" ರೊಟ್ಟಿ ತಿರುವಿದಳು. "ಎಲ್ಲಿ ಹೇಳಿದ್ರಿ, ಅಲ್ಲೇ ಹೇಳ್ರಿ. ಸಲೋಮಿ ಮಾಡಿಲ್ಲ, ನಾ ತಪ್ಪು ತಿಳಕೊಂಡಿದ್ದೆ ಅನ್ರಿ. ಅಷ್ಟಾದ್ರ ಸಾಕು. ಅದಾದ ಮರುದಿನಾನಽ ಒಲಿ ಮುಂದ ಇರ್ತೀನಿ."

"ಬುಧವಾರ ಹೇಳ್ತೀನಿ," ಅಂದ. ಆಗ ಮನಸಾರೆ ಅಂದಿದ್ದ.

ಬುಧವಾರ ಎದ್ದು ನಿಂತ. ಎಲ್ಲರೂ ತಲೆಯೆತ್ತಿ ನೋಡಿದರು. ಎದುರಿಗೆ ಹಾಸ್ಟೆಲ್ಲಿನ ವಾರ್ಡನ್ ಬಾಯಿ, ಪಕ್ಕದಲ್ಲಿ ಸಭೆಯ ಹಿರಿಯರು. ಇದೇ ಜನರ ಮುಂದೆ ಅಲ್ಲವೇ ಅವನು ಕಳ್ಳತನ ಸಿಕ್ಕಿತು ಅಂತ ಸ್ತೋತ್ರ ಹೇಳಿದ್ದು? ಮಾತು ಗಂಟಲವರೆಗೆ ಬಂತು. ನಾಲಿಗೆ ಬೇರೆ ದಾರಿ ಹಿಡಿಯಿತು.

"ನಮ್ಮ ಒಬ್ಬಾಕಿ ತಂಗಿ ಕಷ್ಟದಾಗ ಅದಾಳ," ಅಂದ. "ಆಕಿ ಸಲುವಾಗಿ ಪ್ರಾರ್ಥನಾ ಮಾಡ್ರಿ." ಅಷ್ಟು ಹೇಳಿ ಕೂತುಬಿಟ್ಟ.

ಆಮೆನ್ ಅಂದರು. ಹಿಂದಿನಿಂದ ಯಾರೋ ಪಿಸುಗುಟ್ಟಿದ್ದೂ ಅವನಿಗೆ ಕೇಳಿಸಿತು: "ಅಷ್ಟು ಮೋಸ ಮಾಡಿದಾಕಿ ಸಲುವಾಗಿ ಪ್ರಾರ್ಥನಾ ಮಾಡಸ್ತಾನ ನೋಡ್ರಿ. ಎಂಥಾ ಮನುಷ್ಯಾ!"

ಆ ತಿಂಗಳು ಮುಗಿಯುವುದರೊಳಗೆ ಸಲೋಮಿ ಅತ್ತೆಯನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲಿಗೆ ಹೋದಳೋ ಯಾರೂ ವಿಚಾರಿಸಲಿಲ್ಲ.

ಕಥೆ ಇಷ್ಟೇ. ಈಗ ನೀವು ಯಾರನ್ನು ಬೈಯುತ್ತಿದ್ದೀರಿ? ಬಾಡಿಗೆ ಕೋಣೆಯವನನ್ನೇ? ಅವನು ಕಿವಿಗೆ ಬಿದ್ದದ್ದನ್ನು ಕದ್ದ, ತಪ್ಪೇ. ಅಂಗಡಿಯವನನ್ನೇ? ಅವನಿಗೂ ಬೈಯಿರಿ. ಆದರೆ ಜಮಖಾನೆಯ ಮೇಲೆ ಇನ್ನೂ ಇಪ್ಪತ್ತು ಜನ ಇದ್ದರಲ್ಲ, ಅವರು ಯಾರು? ಅವರ ಮುಖ ನಿಮಗೆ ಗುರುತಿಲ್ಲವೇ? ಅವರಲ್ಲಿ ಒಬ್ಬರಾದರೂ ಎದ್ದು "ಅಣ್ಣಾರ, ಆಕಿನ್ನ ಕೇಳೀರೇನು?" ಅಂದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಯಾರೂ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದು ಎಷ್ಟು ಸುಲಭ ನೋಡಿ.

ಚಾಡಿಯನ್ನು ಬಾಗಿಲಲ್ಲೇ ತಡೆಯುತ್ತೇವೆ. ಪ್ರಾರ್ಥನೆಯ ಸೀರೆ ಉಟ್ಟು ಬಂದರೆ ಮಣೆ ಹಾಕಿ ಕೂರಿಸುತ್ತೇವೆ. "ಆ ಮನೆಯ ಸೊಸೆಗಾಗಿ ಪ್ರಾರ್ಥಿಸೋಣ, ಹೆಚ್ಚು ಹೇಳಲಾರೆ" ಅಂತೀರಲ್ಲ, ಆ ಹೆಚ್ಚು ಹೇಳದೆ ಬಿಟ್ಟ ಜಾಗದಲ್ಲಿ ಕೇಳಿದವರು ಏನೇನು ತುಂಬಿಕೊಂಡರು ಅಂತ ಗೊತ್ತೇ?

ಆದ್ದರಿಂದ ಇನ್ನು ಮೇಲೆ ಯಾರ ಮೇಲಾದರೂ ಅನುಮಾನ ಬಂದರೆ ಮೊದಲು ಅವರ ಮನೆಗೆ ಹೋಗಿ. ಅವರ ಮುಖ ನೋಡಿ ಕೇಳಿ. ಕೇಳಲು ಧೈರ್ಯವಿಲ್ಲದಿದ್ದರೆ ಪ್ರಾರ್ಥನೆಗೂ ತರಬೇಡಿ. ಬೇರೆಯವರು ತಂದರೆ ಆಮೆನ್ ಅನ್ನಬೇಡಿ, ಕೇಳಿ ಬಂದಿರಾ ಅನ್ನಿ. ಈಗಾಗಲೇ ಹೇಳಿಬಿಟ್ಟಿದ್ದರೆ, ಎಷ್ಟು ಜನರ ಮುಂದೆ ಹೇಳಿದಿರೋ ಅಷ್ಟೇ ಜನರ ಮುಂದೆ, ಹೆಸರು ಹಿಡಿದು, ತಪ್ಪಾಯಿತು ಅನ್ನಿ. ಒಬ್ಬಳು ತಂಗಿ ಅನ್ನಬೇಡಿ. ಹೆಸರು ಹೇಳಿ.

ನಮ್ಮ ಕೂಟವೂ ಬುಧವಾರವೇ, ಸಂಜೆ ಆರೂವರೆಗೆ. ಇವತ್ತು ಭಾನುವಾರ. ಯಾರ ಮನೆಗೆ ಹೋಗಬೇಕು ಅಂತ ನಿಮಗೆ ಗೊತ್ತಿದೆ.