ಶನಿವಾರ ಬರುವ ಬಡಗಿ

ಕುಮಾಸಿ ಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಮೊಳೆ ಕೊಳ್ಳಲು ಸರದಿಯಲ್ಲಿ ನಿಂತಿದ್ದ ಫೋಸುವಾ, ಎದುರಿಗಿದ್ದ ಅಕ್ಕ-ತಮ್ಮನ ಮಾತಿಗೆ ಕಿವಿಗೊಟ್ಟಳು. ತಮ್ಮನ ಕಿವಿಯ ಮೇಲೆ ಬಡಗಿಯ ಪೆನ್ಸಿಲಿತ್ತು.

"ಕೊನಾಡಕ್ಕಾ, ಈ ದೊಡ್ಡ ಗರಗಸ ತಗೋ. ಅಮೆರಿಕದ್ದು, ಅಗ್ಗ."

"ನೂರಹತ್ತು ವೋಲ್ಟ್ ಅಂತ ಬರೆದಿದೆಯಲ್ಲೋ ಬಾದೂ! ನಮ್ಮನೆ ಪ್ಲಗ್ಗಿಗೆ ಹಾಕಿದ್ರೆ ಸುಟ್ಟು ಕರಕಲಾಗುತ್ತೆ. ವರ್ಷಕ್ಕೆ ನಾಕು ಹಲಗೆ ಕೊಯ್ಯೋಳಿಗೆ ಈ ಚಿಕ್ಕ ಜಿಗ್‌ಸಾ ಗರಗಸ ಸಾಕು."

"ಮತ್ತೆ ಮರ ಕೆತ್ತೋ ಈ ರೂಟರ್ ಯಾಕೆ?"

"ಬೀರು ಬಾಗಿಲಿನ ಅಂಚು ತಿದ್ದೋಕೆ. ಅದೂ ಹಗುರವಾದ್ದೇ ಇರಲಿ, ನನ್ನ ಕೈಗೆ ಬಗ್ಗಬೇಕು."

"ಇದೆಲ್ಲ ಯಾವಾಗ ಕಲಿತೆ?"

"ನಿನ್ನ ದಾರಿ ಕಾಯ್ತಾ ಮೂರು ವರ್ಷ ಸಿಕ್ತಲ್ಲ, ಆವಾಗ."

"ಬಡಗಿಯ ಅಕ್ಕನೇ ಗರಗಸ ಹಿಡಿದ್ರೆ ನನ್ನ ಮಾನ ಉಳಿಯುತ್ತಾ? ಶನಿವಾರ ಬಂದು ನಾನೇ ಮಾಡಿಕೊಡ್ತೀನಿ ಬಿಡೇ."

"ನಿನ್ನ ಶನಿವಾರ ನಂಗೊತ್ತು. ಆದ್ರೂ ಈ ಸಲ ಬಂದುಬಿಡು. ನಾನು ಕೊಯ್ಯುವಾಗ ಹಲಗೆಯ ಆ ತುದಿ ಹಿಡ್ಕೊಳ್ಳೋಕೆ ಒಬ್ಬರು ಬೇಕು."

ಅಂಗಡಿಯವನು ನಕ್ಕುಬಿಟ್ಟ. ಬಾದು ಜಿಗ್‌ಸಾ, ರೂಟರ್ ಎರಡರ ಪೆಟ್ಟಿಗೆಗಳನ್ನೂ ಹೊತ್ತುಕೊಂಡ. ಬಾಗಿಲು ದಾಟುವಾಗ ಕೊನಾಡು ಅವನ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ತನ್ನ ಕಿವಿಗೆ ಸಿಕ್ಕಿಸಿಕೊಂಡಿದ್ದನ್ನು ಫೋಸುವಾ ನೋಡಿದಳು.